ನಾನು ಯಮನಾಗಿದ್ದಾಗ

ಯಮನ ವೇಷ ಹಾಕಿಕೊಂಡು ಊರೊಳಗೆ ಕಾಲಿಟ್ಟವನು ಏನೂ ಆಗದೆ ಸುಮ್ಮನೆ ಮನೆಗೆ ಮರಳುವ ದಿನ ಅಂತ ಒಂದಿರುವುದಿಲ್ಲ. ನನಗಂತೂ ಇರಲಿಲ್ಲ.

ನಮ್ಮ ಮನೆತನದ ಕಸುಬು ಹಗಲುವೇಷ. ನಾಟಕದವರಿಗೆ ಪರದೆ ಇರುತ್ತದೆ, ದೀಪ ಇರುತ್ತದೆ, ಟಿಕೆಟ್ಟು ಹರಿದು ಒಳಗೆ ಬಿಡುವವನಿರುತ್ತಾನೆ. ನಮಗೆ ಬಿಸಿಲು ಮತ್ತು ಅಂಗಡಿ ಕಟ್ಟೆ. ಬೆಳಿಗ್ಗೆ ಬಣ್ಣ ಹಚ್ಚಿಕೊಂಡು ಮನೆ ಮನೆಗೆ, ಅಂಗಡಿ ಅಂಗಡಿಗೆ ಹೋಗಬೇಕು, ಎರಡು ಮಾತು ಆಡಿ ಒಂದು ಪದ ಹಾಡಬೇಕು, ಜೋಳವೋ ಹಳೇ ಧೋತರವೋ ಕೊಟ್ಟದ್ದನ್ನು ತಗೊಂಡು ಮುಂದಿನ ಮನೆಗೆ ನಡೆಯಬೇಕು. ಇದ್ದ ಊರು ಮಸ್ಕಿ. ತಿರುಗಿದ್ದು ಲಿಂಗಸುಗೂರು, ಸಿಂಧನೂರು, ನಡುವಿನ ಹಳ್ಳಿಗಳು.

ಎಂಬತ್ತರ ದಶಕದ ಶುರುವಿಗೆ, ನನ್ನ ಮದುವೆಯಾದ ವರ್ಷ, ವೇಷ ಹಂಚುವ ಮಾತು ಬಂತು. ಹಂಚುವವನು ನನ್ನ ಕಾಕಾ, ಅಪ್ಪನ ತಮ್ಮ. ಸಣ್ಣ ಆಳು, ಕೊರಳಿಗೆ ಹಾರ್ಮೋನಿಯಂ ನೇತು ಹಾಕಿಕೊಂಡರೆ ಹಾರ್ಮೋನಿಯಮ್ಮೇ ಅವನನ್ನು ಹೊತ್ತಂತೆ ಕಾಣುತ್ತಿತ್ತು. ಅವನು ನಕ್ಕಿದ್ದನ್ನು ನೋಡಿದವರು ನಮ್ಮ ಓಣಿಯಲ್ಲಿ ಇರಲಿಲ್ಲ. ನನಗೆ ಈಶ್ವರನಾಗುವ ಆಸೆ. ಕಾಕಾ ನನ್ನನ್ನು ಮೇಲಿಂದ ಕೆಳಗೆ ನೋಡಿ ಅಂದ, "ಎತ್ತರ ಅದಿ, ಕರ್ರಗ ಅದಿ, ದನಿ ಬಾವ್ಯಾಗಿಂದ ಬಂದಂಗ ಬರ್ತೈತಿ. ನಿನಗ ಯಮ."

"ಕಾಕಾ, ಯಮಗ ಯಾರು ಕೈ ಮುಗೀತಾರ?"

"ಉಳಿದ ದೇವ್ರಿಗೆ ಕೈ ಮುಗೀತಾರ. ನಿನಗ ಕೈ ಕಟ್ಟತಾರ. ಕೈ ಅಂತೂ ಖಾಲಿ ಇರೂದಿಲ್ಲ."

ಹಾಗೆ ನಾನು ಯಮನಾದೆ. ರಟ್ಟಿನ ಕಿರೀಟ, ಆಡಿನ ಕೂದಲಿನ ಮೀಸೆ, ಹಗ್ಗದ ಪಾಶ, ಕಟ್ಟಿಗೆಯ ಗದೆ, ಮುಖಕ್ಕೆ ಕೊಬ್ಬರಿ ಎಣ್ಣೆಯಲ್ಲಿ ಕಲಸಿದ ಮಸಿ. ಮಕ್ಕಳು ಮೊದಲು ಹೆದರಿ, ಆಮೇಲೆ ನನ್ನ ಹವಾಯಿ ಚಪ್ಪಲಿ ನೋಡಿ ಬೆನ್ನು ಹತ್ತುತ್ತಿದ್ದರು. ದೊಡ್ಡವರು ಹಾಗಲ್ಲ. ನಾನು ಯಾರ ಮಗ, ಯಾವ ಓಣಿಯವನು ಎಂಬುದೆಲ್ಲ ಗೊತ್ತಿದ್ದೂ ನನ್ನನ್ನು ಬಿಟ್ಟು ಯಮನ ಜೊತೆಗೇ ಮಾತಾಡುತ್ತಿದ್ದರು. ಯಮನ ಹತ್ತಿರ ಆಡುವ ಒಂದು ಮಾತು ಎಲ್ಲರಲ್ಲೂ ಉಳಿದಿರುತ್ತದೆ ಅಂತ ನನಗೆ ಗೊತ್ತಾದದ್ದು ಆ ವೇಷದಿಂದ.

ಬಸ್ಸು

ಒಂದು ಸಲ ಲಿಂಗಸುಗೂರಿಗೆ ಹೋಗಬೇಕಿತ್ತು. ಅಲ್ಲಿ ಬಣ್ಣ ಹಚ್ಚಿಕೊಳ್ಳಲು ಜಾಗ ಸಿಗುವುದಿಲ್ಲ ಅಂತ ಮಸ್ಕಿಯಲ್ಲೇ ವೇಷ ಕಟ್ಟಿಕೊಂಡು ಬಸ್ಸು ಹತ್ತಿದೆವು. ನಿಲ್ಲಲೂ ಜಾಗವಿಲ್ಲದ ಬಸ್ಸು. ನಾನು ಹತ್ತಿದ ಮೇಲೆ ಮೂರು ಮಂದಿ ಕೂರುವ ಸೀಟು ಪೂರ್ತಿ ಖಾಲಿಯಾಯಿತು. ಕಾಕಾ ಹಾರ್ಮೋನಿಯಂ ಇಳಿಸಿ ಕಾಲು ಚಾಚಿ ಕೂತ. "ಈಶ್ವರನ ಜೋಡಿ ಬಂದಿದ್ರ ನಿಂತು ಹೋಗಬೇಕಾಗ್ತಿತ್ತು," ಅಂದ.

ಎದುರು ಸೀಟಿನ ಹೆಂಗಸು ಕಂಡಕ್ಟರನಿಗೆ ಹೇಳಿದಳು, "ಅವನ್ನ ಇಳಸ್ರಿ ಯಪ್ಪಾ. ಬೆಳಬೆಳಿಗ್ಗೆ ಇದೇನು."

ಅವಳ ಪಕ್ಕದ ಮುದುಕ ತಡೆದ. "ಇಳಸಬ್ಯಾಡವ್ವ. ಇಳಿದ್ರ ಯಾರ ಮನಿಗೆ ಹೋಗ್ತಾನೋ. ಇಲ್ಲೇ ಕಣ್ಣ ಮುಂದ ಇರ್ಲಿ."

ಡ್ರೈವರ್ ಕನ್ನಡಿಯಲ್ಲಿ ನನ್ನನ್ನು ನೋಡುತ್ತಲೇ ಇದ್ದ. ಊರು ದಾಟಿ ಸ್ವಲ್ಪ ದೂರ ಹೋದದ್ದೇ ಗಾಡಿಯನ್ನು ಬೇವಿನ ಮರದ ಕೆಳಗೆ ನಿಲ್ಲಿಸಿದ. ಹಿಂದಿನ ಬೇಸಿಗೆಯಲ್ಲಿ ಅದೇ ರಸ್ತೆಯಲ್ಲಿ ಅವನ ಗಾಡಿಗೆ ಒಬ್ಬ ಸೈಕಲ್ಲಿನವನು ಸಿಕ್ಕು ಸತ್ತಿದ್ದನಂತೆ, ತಪ್ಪು ಇವನದಲ್ಲ ಅಂತಾದರೂ ಅವನಿಗೆ ನಿದ್ದೆ ಇರಲಿಲ್ಲವಂತೆ. ಇದನ್ನು ಕಂಡಕ್ಟರ್ ಆಮೇಲೆ ಹೇಳಿದ. ಡ್ರೈವರ್ ನಮ್ಮ ಸೀಟಿನ ತನಕ ಬಂದು ಟೋಪಿ ತೆಗೆದು ನಿಂತ.

"ಡ್ಯೂಟಿ ಮ್ಯಾಲ ಬಂದೀರೋ, ಸುಮ್ಮನ ಹೊಂಟೀರೋ?"

ಅವನ ಮುಖ ನೋಡಿದರೆ ತಮಾಷೆ ಮಾಡುವ ಧೈರ್ಯ ಬರಲಿಲ್ಲ. "ಸುಮ್ಮನ ಹೊಂಟೀನಪ," ಅಂದೆ. "ಇವತ್ತು ಈ ರಸ್ತೇದಾಗ ನನಗ ಯಾವ ಕೆಲಸಾನೂ ಇಲ್ಲ."

ಅವನು ಉಸಿರು ಬಿಟ್ಟ. ಹೋಗಿ ಗಾಡಿ ಶುರು ಮಾಡಿದ. ಅಷ್ಟು ಹಗುರಾಗಿ ಬಸ್ಸು ನಡೆಸಿದ್ದನ್ನು ನಾನು ಮತ್ತೆಂದೂ ಕಾಣಲಿಲ್ಲ, ಎತ್ತಿನ ಬಂಡಿಗಳಿಗೂ ದಾರಿ ಬಿಡುತ್ತಿದ್ದ.

ಇಷ್ಟೂ ಹೊತ್ತು ಸುಮ್ಮನೆ ನಿಂತಿದ್ದ ಕಂಡಕ್ಟರ್ ಈಗ ಹತ್ತಿರ ಬಂದ. "ಡ್ಯೂಟಿ ಮ್ಯಾಲ ಇದ್ರ ಪಾಸ್ ನಡೀತಿತ್ರಿ," ಅಂದ. "ಸುಮ್ಮನ ಹೊಂಟೀನಿ ಅಂತ ನೀವ ಅಂದ್ರಿ. ಟಿಕೆಟ್ ತಗೋರಿ."

ಎರಡು ಹೋಟೆಲು

ಸಿಂಧನೂರಿನ ಬಸ್‌ಸ್ಟ್ಯಾಂಡಿನ ಹತ್ತಿರ ಎದುರುಬದುರು ಎರಡು ಹೋಟೆಲು. ಮಾಲೀಕರಿಬ್ಬರೂ ಷಡ್ಡಕರು, ಅಂದರೆ ಅಕ್ಕ ತಂಗಿಯರ ಗಂಡಂದಿರು, ಮಾತು ಬಿಟ್ಟು ಬಹಳ ವರ್ಷವಾಗಿತ್ತು. ನಾನು ಹಸಿದು ಒಂದರೊಳಗೆ ಕೂತೆ. ಮಾಲೀಕ ಬಗ್ಗಿ ಮೆಲ್ಲಗೆ ಅಂದ, "ಇಲ್ಲಿ ಕುಂದರಬ್ಯಾಡಪ. ಎದುರಿನ ಹೋಟೆಲ್‌ನಾಗ ಕುಂದ್ರು. ಉಪ್ಪಿಟ್ಟು ನಾ ಅಲ್ಲಿಗೇ ಕಳಸ್ತೀನಿ."

ಎದುರಿಗೆ ಹೋಗಿ ಕೂತೆ, ಉಪ್ಪಿಟ್ಟು ಬಂತು. ಅಲ್ಲಿಯ ಮಾಲೀಕ ಉಪ್ಪಿಟ್ಟು ಎಲ್ಲಿಂದ ಬಂತು ಅಂತ ನೋಡಿದ, ಅರ್ಥ ಮಾಡಿಕೊಂಡ. "ಇದನ್ನ ತಿಂದು ಅಲ್ಲಿಗೇ ಹೋಗು. ಪೂರಿ ಕಳಸ್ತೀನಿ," ಅಂದ. ಪೂರಿ ತಿಂದ ಮೇಲೆ ಮೊದಲನೆಯವನು ಮಂಡಕ್ಕಿ ಒಗ್ಗರಣೆ ಮಾಡಿಸಿಕೊಟ್ಟು ಮತ್ತೆ ಆಚೆ ಕಳಿಸಿದ. ಮಧ್ಯಾಹ್ನದ ತನಕ ನನಗೆ ರಸ್ತೆ ದಾಟುವುದೇ ಕೆಲಸ. ಅಷ್ಟರಲ್ಲಿ ಎರಡೂ ಹೋಟೆಲಿನಲ್ಲಿ ಗಿರಾಕಿಗಳಿಲ್ಲ.

ಕೊನೆಗೆ ಇಬ್ಬರೂ ತಂತಮ್ಮ ಬಾಗಿಲಿಗೆ ಬಂದು ನಿಂತರು. ಮೊದಲನೆಯವನು ರಸ್ತೆಯಾಚೆಗೆ ಕೇಳಿದ, "ಇವನ್ನ ಇನ್ನ ಎಷ್ಟೊತ್ತು ಇಟಗೊಂತಿ?" ಎರಡನೆಯವನು ಅಂದ, "ನೀ ಬಿಟ್ರ ನಾನೂ ಬಿಡ್ತೀನಿ."

ಷಡ್ಡಕರು ಅಷ್ಟು ವರ್ಷದ ಮೇಲೆ ಮಾತಾಡಿದರಲ್ಲ ಅಂತ ನಾನು ಕಾಕಾನ ಮುಂದೆ ಹಿಗ್ಗಿದೆ. ಕಾಕಾ ಅಂದ, "ಹಿಗ್ಗಬ್ಯಾಡ. ನಾಳಿಂದ ಇಬ್ರೂ ಕೂಡಿ ನಿನ್ನ ಬಿಟ್ಟುಕೊಳ್ಳೂದಿಲ್ಲ." ಹಾಗೇ ಆಯಿತು.

ಬೀಡಿ

ಬಳಗಾನೂರಿನಲ್ಲಿ ಭತ್ತದ ನಾಟಿ ನಡೆದಿತ್ತು. ಕಾಲುವೆ ದಂಡೆಯ ಮೇಲೆ ಹೋಗುತ್ತಿದ್ದ ನಮ್ಮನ್ನು ಗದ್ದೆಯಿಂದ ಒಬ್ಬ ಹೆಣ್ಣುಮಗಳು ಕೂಗಿ ನಿಲ್ಲಿಸಿದಳು. ಮೊಣಕಾಲ ತನಕ ಕೆಸರು. ತನ್ನ ಅತ್ತೆಯನ್ನು ಹೆದರಿಸಬೇಕು ಅಂದಳು.

"ಮಾವ ತೀರಿಕೊಂಡ ಮ್ಯಾಲ ಮುದುಕಿ ಊಟ ಬಿಟ್ಟಾಳ್ರಿ. ನನ್ನನ್ನೂ ಕರಕೊಂಡು ಹೋಗಾಕ ಬರ್ತಾರ ಅಂತ ಗ್ವಾಡಿಗೆ ಮುಖ ಮಾಡಿ ಮಲಗ್ಯಾಳ. ಡಾಕ್ಟರು ಜಡ್ಡಿಲ್ಲ ಅಂತಾರ. ಯಮ ಅಂದ್ರ ಹೆಂಗಿರ್ತಾನ ಅಂತ ಒಮ್ಮಿ ನೋಡಿದ್ರ ಬದಕೂ ಆಸೆ ಆದೀತು."

ಕಾಕಾ ಒಲ್ಲೆ ಅಂದ. ಏನಾದರೂ ಆದರೆ ನಮ್ಮ ಮೇಲೆ ಬರುತ್ತದೆ ಅಂದ. ಅವಳು ಕೆಸರುಗೈಯಲ್ಲೇ ಕಣ್ಣು ಒರೆಸಿಕೊಂಡಳು. ಆಮೇಲೆ ಕಾಕಾನೇ ಅವಳ ಹಿಂದೆ ನಡೆದ.

ಬಗ್ಗಿ ಒಳಗೆ ಹೋಗಬೇಕಾದ ಮನೆ. ನಾನು ಗದೆ ಕುಟ್ಟಿ ನನ್ನ ಬಾವಿಯ ದನಿಯಲ್ಲಿ ಗುಡುಗಿದೆ. ಮುದುಕಿ ಹೊರಳಿ ನೋಡಿದಳು. ಹೆದರಿಕೆಯ ಸುಳಿವೇ ಇರಲಿಲ್ಲ. ಬಂದ ಬೀಗರನ್ನು ನೋಡುವ ಹಾಗೆ ನೋಡಿದಳು.

"ಬಂದ್ಯಾ. ಭಾಳ ತಡ ಮಾಡಿದಿ. ಕುಂದ್ರು."

ಕೂತೆ. ಅವಳು ಸೊಸೆಗೆ ಪೆಟ್ಟಿಗೆಯಿಂದ ಇಳಕಲ್ಲ ಸೀರೆ ತೆಗೆಯಲು ಹೇಳಿದಳು. ಸೊಸೆ ನನ್ನ ಕಡೆ ನೋಡಿದಳು, ನಾನು ಕಾಕಾನ ಕಡೆ ನೋಡಿದೆ. ಕಾಕಾ ಹಾರ್ಮೋನಿಯಂ ಕಡೆ ನೋಡುತ್ತಿದ್ದ.

"ಅಲ್ಲಿ ನಮ್ಮ ಮನಿಯವ್ರು ಹೆಂಗದಾರ?" ಮುದುಕಿ ಕೇಳಿದಳು.

"ಆರಾಮ ಅದಾರ."

"ಉಂಡಾರ?"

"ಹೊಟ್ಟಿ ತುಂಬ ಉಣ್ತಾರ. ನೀ ಉಣವಲ್ಲಿ ಅಂತ ಸುದ್ದಿ ಕೇಳಿ ಸಿಟ್ಟಾಗ್ಯಾರ." ಇದು ನಾಟುತ್ತದೆ ಅಂದುಕೊಂಡೆ.

ಅವಳು ಮತ್ತೆ ಕೇಳಿದಳು, "ಬೀಡಿ?"

ಸತ್ತವರ ಬಗ್ಗೆ ಒಳ್ಳೆಯದನ್ನೇ ಹೇಳಬೇಕು ಅಂತ ನಾನು ಅಂದೆ, "ಬೀಡಿ ಬಿಟ್ಟಾರ."

ಮುದುಕಿ ಎದ್ದು ಕೂತಳು. ಎದ್ದು ಕೂತದ್ದು ಎಷ್ಟೋ ದಿನದ ಮೇಲಂತೆ, ಸೊಸೆ ಬಾಯಿಗೆ ಕೈ ಇಟ್ಟುಕೊಂಡಳು.

"ಹಂಗಾರ ಅವ್ರಲ್ಲ. ಇವ ಬ್ಯಾರೆ ಯಾರನ್ನೋ ನೋಡಿ ಬಂದು ಸುಳ್ಳು ಹೇಳಾಕತ್ಯಾನ," ಅಂತ ಸೊಸೆಗೆ ಹೇಳಿದಳು. "ಸೀರಿ ಪೆಟಿಗ್ಯಾಗ ಇಡು. ಈ ಸುಳ್ಳನ ಹಿಂದ ನಾ ಹೋಗೂದಿಲ್ಲ. ಖರೇವ ಬರೂತನಕ ತಡೀಬೇಕಲ್ಲ, ಒಂದೀಟು ಗಂಜಿ ಕೊಡು."

ಫೋಟೊ

ತೊಂಬತ್ತರ ದಶಕ ಬರುವ ಹೊತ್ತಿಗೆ ಟಿವಿಯಲ್ಲಿ ದೇವರುಗಳು ಮನೆಗೇ ಬರತೊಡಗಿದ್ದರು. ನಮ್ಮ ಈಶ್ವರರು, ಹನುಮಪ್ಪಗಳು ಒಬ್ಬೊಬ್ಬರೇ ಬಣ್ಣ ತೊಳೆದು ಕೂಲಿಗೆ ಹೋದರು. ನನಗೆ ಮಾತ್ರ ಸಿಂಧನೂರಿನ ಫೋಟೊ ಸ್ಟುಡಿಯೋದಲ್ಲಿ ಒಂದು ಕೆಲಸ ಸಿಕ್ಕಿತು. ಸ್ಟುಡಿಯೋದವನ ಲೆಕ್ಕಾಚಾರ ಏನೆಂದರೆ, ತಾಜಮಹಲಿನ ಪರದೆ ಮುಂದೆ ಎಲ್ಲರೂ ನಿಲ್ಲುತ್ತಾರೆ, ಯಮನ ಪಕ್ಕ ನಿಂತ ಫೋಟೊ ಯಾರ ಹತ್ತಿರ ಇರುತ್ತದೆ?

ಕೆಲವು ದಿನ ಯಾರ ಹತ್ತಿರವೂ ಇರಲಿಲ್ಲ. ಗಂಡ ಹೆಂಡಿರು ಬಂದರೆ ಹೆಂಡತಿ ನಡುವೆ ಬಂದು ನಿಂತು, "ಇವ್ರ ಬಾಜು ಬ್ಯಾಡ, ಏನಿದ್ರೂ ನನ್ನ ಬಾಜು," ಅನ್ನುತ್ತಿದ್ದಳು. ಅದನ್ನು ಕೇಳಿ ಗಂಡ ನೆಲ ನೋಡುತ್ತಿದ್ದ. ಆ ಫೋಟೊಗಳು ಚೆನ್ನಾಗಿ ಬರುತ್ತಿರಲಿಲ್ಲ.

ಒಂದು ದಿನ ಕಾಲುವೆ ಭಾಗದ ಒಬ್ಬ ದೊಡ್ಡ ರೈತ ಬಂದ. ಬಿಳಿ ಬಟ್ಟೆ, ಗಿರಿಜಾ ಮೀಸೆ, ಹಿಂದೆ ನಾಲ್ಕು ಮಂದಿ. ಹೃದಯದ ಜಡ್ಡಾಗಿ ಹೈದರಾಬಾದಿನ ಆಸ್ಪತ್ರೆಯಲ್ಲಿ ಮಲಗಿ ಬದುಕಿ ಬಂದಿದ್ದ. "ನಾ ಇವನ ಮೀಸಿ ಹಿಡದು ಜಗ್ಗಿದಂಗ ಒಂದು ತಗಿ," ಅಂದ. ನನ್ನ ಆಡಿನ ಮೀಸೆಯನ್ನು ಮುಷ್ಟಿಯಲ್ಲಿ ಹಿಡಿದ. ಅಂಟು ಕಿತ್ತರೆ ತುಟಿ ಸುಲಿಯುತ್ತದೆ, ನಾನು ಕಣ್ಣು ಮುಚ್ಚಿದೆ. ಫ್ಲ್ಯಾಶ್ ಬಿತ್ತು. ಬೆಳಕು ಆರಿದ ಆ ಒಂದು ಗಳಿಗೆಯಲ್ಲಿ ಅವನು ನನ್ನ ಕಿವಿಗೆ ಬಗ್ಗಿದ. "ತಪ್ಪು ತಿಳೀಬ್ಯಾಡ್ರಿ. ಫೋಟೊಕ್ಕ ಅಷ್ಟ."

ಮರುದಿನ ಒಬ್ಬನೇ ಬಂದ. ಬಾಗಿಲು ಮುಚ್ಚಿಸಿದ. ರಾತ್ರಿ ಎದೆಯಲ್ಲಿ ಏನೋ ಹಿಡಿದಂತಾಗಿತ್ತಂತೆ. ಚಪ್ಪಲಿ ಬಿಟ್ಟು, ನನ್ನ ಕಾಲ ಹತ್ತಿರ ಕೂತು, ಕೈ ಜೋಡಿಸಿ, ಇನ್ನೊಂದು ಫೋಟೊ ತೆಗೆಸಿಕೊಂಡ.

ಸ್ಟುಡಿಯೋದವನು ಕೇಳಿದ, "ಹಂಗಾರ ನಿನ್ನಿದು ಕೆಡಿಸಿ ಬಿಡ್ಲ್ಯಾ ಸಾಹುಕಾರ್ರ?"

"ಎರಡೂ ಕೊಡು," ಅಂದ ಅವನು. "ಅದು ಮಂದಿಗೆ ತೋರ್ಸಾಕ." ನನ್ನ ಕಡೆ ತಿರುಗಿದ. "ಇದು ನಿಮಗ ತೋರ್ಸಾಕ. ಖರೇನ ಬಂದಾಗ."

ಕೋಣ

ಗುರುಗುಂಟಾದ ಹೊರಗೆ ಒಬ್ಬ ಮುದುಕ ಎಮ್ಮೆ ಕಾಯುತ್ತಿದ್ದ. ಹೆಂಡತಿ ಇಲ್ಲ, ಮಕ್ಕಳಿಲ್ಲ. ಅವನಿಗೊಂದು ಕೋಣ ಇತ್ತು. ನಾವು ಆ ಊರಿಗೆ ಹೋದಾಗೆಲ್ಲ ಅವನು ನನ್ನನ್ನು ಅದರ ಹತ್ತಿರ ಕರೆದೊಯ್ದು, "ನೋಡಲೇ, ನಿನ್ನ ಸಾಹೇಬ್ರು ಬಂದಾರ," ಅನ್ನುತ್ತಿದ್ದ. ಕೋಣ ನನ್ನ ಕಿರೀಟ ಮೂಸಿ ಸುಮ್ಮನಾಗುತ್ತಿತ್ತು. "ನಡಕೊಂತ ಯಾಕ ಅಡ್ಡಾಡ್ತಿ? ಇದರ ಮ್ಯಾಲ ಕುಂತು ಹೋಗು, ಊರ ದಾಟಿಸಿ ಬಿಡ್ತೈತಿ," ಅನ್ನುತ್ತಿದ್ದ. ನನಗೆ ಕೋಣದ ಹೆದರಿಕೆ. ಯಮನಿಗೆ ಕೋಣ ಕಂಡರೆ ಹೆದರಿಕೆ ಅಂತ ಹೇಳುವುದು ಹೇಗೆ? "ಮುಂದಿನ ಸಲ," ಅನ್ನುತ್ತಿದ್ದೆ.

ಒಂದು ಸಲ ಹೋದಾಗ ಕೋಣ ಮಲಗಿತ್ತು. ಹೊಟ್ಟೆ ಉಬ್ಬಿತ್ತು. ಮುದುಕ ಅದರ ಕೊರಳು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದ. ದನದ ಡಾಕ್ಟರು ಬಂದು ಹೋಗಿದ್ದರು.

"ನಿನ್ನ ಕೈಯಾಗಿಂದು," ಅಂದ. "ನೀ ಬಿಟ್ರ ಉಳೀತೈತಿ."

ಕಾಕಾ ಹಿಂದಿನಿಂದ ನನ್ನ ಬೆನ್ನು ಮುಟ್ಟಿದ, ಹೇಳು ಅಂತ. ನಾನು ಪಾಶವನ್ನು ಸುತ್ತಿ ಬಗಲಲ್ಲಿ ಇಟ್ಟುಕೊಂಡು, "ಬಿಟ್ಟೀನಿ," ಅಂದೆ. ಮುದುಕ ನನ್ನ ಕೈ ಹಿಡಿದು ಹಣೆಗೆ ಒತ್ತಿಕೊಂಡ. ನಾವು ಊರು ಬಿಡುವುದರೊಳಗೆ ಕೋಣ ಸತ್ತ ಸುದ್ದಿ ಬಂತು. ಹಿಂತಿರುಗಿ ನೋಡದೆ ಬಸ್ಸು ಹತ್ತಿದೆವು.

ಆಮೇಲೆ ಗುರುಗುಂಟಾ ಅಂದರೆ ನಾನು ಏನಾದರೂ ನೆಪ ಹೇಳುತ್ತಿದ್ದೆ. ಮರುವರ್ಷ ಕಾಕಾ ಬಿಡಲಿಲ್ಲ, ಎಳಕೊಂಡು ಹೋದ. ಮುದುಕ ದೂರದಿಂದಲೇ ಕಂಡ, ಕೋಲು ಊರಿಕೊಂಡು ನನ್ನ ಕಡೆಗೇ ಬಂದ. ಬೈಗುಳ ತಿನ್ನಲು ಸಿದ್ಧನಾಗಿ ತಲೆ ತಗ್ಗಿಸಿದೆ. ಅವನು ನನ್ನ ಹಿಂದೆ ನೋಡಿದ, ಅಕ್ಕಪಕ್ಕ ನೋಡಿದ.

"ಎಲ್ಲಿ ಅದು?"

"ಏನು?"

"ನನ್ನ ಕೋಣ. ಬಿಟ್ಟೀನಿ ಅಂತ ಹೇಳಿ ಒಯ್ದಿಯಲ್ಲ. ಇರ್ಲಿ, ನಿನಗೂ ಬೇಕಾಗಿತ್ತು ಅಂತ ಸುಮ್ಮನಾದೆ. ಮತ್ತ ಯಾಕ ನಡಕೊಂತ ಬಂದಿ?"

ಕಾಕಾ ಮುಂದೆ ಬಂದು ಅಂದ, "ಮೇಯಾಕ ಬಿಟ್ಟೀವಿ. ಅಲ್ಲಿ ಹಸಿರು ಭಾಳ ಐತಿ."

ಮುದುಕ ತಲೆಯಾಡಿಸಿದ. ಬಹಳ ಹೊತ್ತು ಹೊಲದ ಕಡೆ ನೋಡಿದ. ಆಮೇಲೆ ಅಂದ, "ಹಂಗಾರ ಅದು ಬರೂದಿಲ್ಲ ಬಿಡು. ನನ್ನ ಕಡೆ ಇದ್ದಾಗೂ ಹಸಿರು ಕಂಡ್ರ ಯಾರ ಮಾತೂ ಕೇಳ್ತಿದ್ದಿಲ್ಲ. ನೀ ಇನ್ನ ನಡಕೊಂತ ಅಡ್ಡಾಡೂದ."

ಹೆಗಲು

ಇದು ಕೊನೆಯದು. ಇದನ್ನು ಹೇಳಿದರೆ ಜನ ನಗುತ್ತಾರೆ, ನಗಲಿ ಅಂತಲೇ ಹೇಳುತ್ತೇನೆ.

ಕಾಕಾನಿಗೆ ಕೆಮ್ಮು ಹೆಚ್ಚಾಗಿತ್ತು. ಹಾರ್ಮೋನಿಯಂ ಕೊರಳಿಗೆ ಹಾಕಿಕೊಳ್ಳುವ ಶಕ್ತಿ ಇರಲಿಲ್ಲ. ಅವತ್ತು ಸಂತೆಕಲ್ಲೂರಿಗೆ ನಾನೊಬ್ಬನೇ ಹೋದೆ. ಹಾರ್ಮೋನಿಯಂ ಇಲ್ಲದ ಯಮ ಬರೀ ಬೊಬ್ಬೆ ಹೊಡೆಯುವ ಮನುಷ್ಯನಂತೆ ಕಾಣುತ್ತಾನೆ, ಅದು ಅವತ್ತೇ ನನಗೆ ಗೊತ್ತಾದದ್ದು. ಮಧ್ಯಾಹ್ನ ಒಂದು ಆಟೋದವನು ನನ್ನನ್ನು ಹುಡುಕಿಕೊಂಡು ಬಂದು, "ನಿಮ್ಮ ಕಾಕಾ ಹೋದ್ರಂತ," ಅಂದ. ಇದ್ದ ಹಾಗೇ ಅವನ ಆಟೋ ಹತ್ತಿದೆ.

ಮಸ್ಕಿಯಲ್ಲಿ ನಮ್ಮ ಮನೆ ಮುಂದೆ ಓಣಿಯೆಲ್ಲ ಸೇರಿತ್ತು. ಕಾಕಾನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಚಿಗವ್ವ, ಅಂದರೆ ಕಾಕಾನ ಹೆಂಡತಿ, ಅವನ ಕಾಲ ಹತ್ತಿರ ಕೂತು ಹಾಡಿಕೊಂಡು ಅಳುತ್ತಿದ್ದಳು. ನಾನು ಬಾಗಿಲಲ್ಲಿ ನಿಂತೆ. ಕಿರೀಟ ತಲೆಯ ಮೇಲೆಯೇ ಇತ್ತು, ಪಾಶ ಕೈಯಲ್ಲಿ. ಅಳು ನಿಂತಿತು.

ಚಿಗವ್ವ ನನ್ನನ್ನು ಎತ್ತಿ ಆಡಿಸಿದವಳು. ಆ ಕಿರೀಟಕ್ಕೆ ಅಂಟು ಹಚ್ಚಿ ಹೊಳೆಯುವ ಬೇಗಡೆ ಅಂಟಿಸಿದವಳೂ ಅವಳೇ. ಅವಳು ತಲೆ ಎತ್ತಿ ನೋಡಿದ್ದು ನನ್ನನ್ನಲ್ಲ.

"ಈಗ ಬಂದಿಯೇನು?" ಅಂದಳು. "ಕೆಲಸ ಮುಗದ ಮ್ಯಾಲ?"

ಯಾರೋ ಅವಳ ಭುಜ ಹಿಡಿಯಲು ಹೋದರು. ಅವಳು ಕೊಡವಿದಳು.

"ಹೇಳದೆ ಕೇಳದೆ ಒಯ್ದಿ. ನೀರು ತರ್ತೀನಿ ಅಂತ ಒಳಗ ಹೋಗಿದ್ದೆ ನಾ. ಒಂದು ತಂಬಿಗಿ ನೀರು ತರೂತನಕ ನಿಂದ್ರಾಕ ಆಗಲಿಲ್ಲ ನಿನಗ? ಊರೂರು ನಿನ್ನ ಹಾಡು ಹಾಡಿಕೊಂತ ಎದಿ ಹರಕೊಂಡ. ನಿನ್ನ ಹೊಗಳಿ ಹೊಗಳಿ ಉಸಿರು ಕಳಕೊಂಡ. ಮಂದಿ ಎಲ್ಲಾ ನಿನ್ನ ಕಂಡು ಬಾಗಲ ಹಾಕಿದ್ರ ನಿನ್ನ ಜೋಡಿ ತಿರುಗಿದಾವ ಅವನೊಬ್ಬನ. ಗುರ್ತು ಸೈತ ಹಿಡೀಲಿಲ್ಲ ನೀ."

ನಾನು ಕೈ ಕಟ್ಟಿ ನಿಂತೆ. ಅವಳು ಬಹಳ ಹೊತ್ತು ಬೈದಳು. ನಡುವೆ ಒಮ್ಮೆ ಪಾಶದ ತುದಿ ಹಿಡಿದು ಜಗ್ಗಿದಳು, ನಾನು ಬಿಟ್ಟುಕೊಟ್ಟೆ. ಅದನ್ನು ಕೈಗೆ ಸುತ್ತಿಕೊಂಡಳು. ಆಮೇಲೆ ಮೂಗು ಒರೆಸಿಕೊಂಡು ಬೇರೆಯದೇ ದನಿಯಲ್ಲಿ ನನ್ನ ಹೆಸರು ಹಿಡಿದು ಕರೆದಳು.

"ಅವನ ಕೂಡ ನನ್ನ ಮಾತು ಮುಗೀತು. ನೀ ಅದನ್ನೆಲ್ಲ ತಗದಿಟ್ಟು ಬಾ. ನಿಮ್ಮ ಕಾಕಾನ್ನ ಹೊರಬೇಕು."

ಕಿರೀಟ ತೆಗೆದೆ, ಮೀಸೆ ಕಿತ್ತೆ, ಬಟ್ಟೆ ಬದಲಿಸಿದೆ. ಮುಖದ ಮಸಿ ಎಣ್ಣೆ ಇಲ್ಲದೆ ಹೋಗುವುದಿಲ್ಲ. ಮನೆಯಲ್ಲಿದ್ದ ಎಣ್ಣೆಯನ್ನೆಲ್ಲ ಕಾಕಾನ ಪಕ್ಕದ ದೀಪಕ್ಕೆ ಹಾಕಿದ್ದರು. ನೀರು ಹಾಕಿ ತಿಕ್ಕಿದೆ, ಮಸಿ ಕುತ್ತಿಗೆಗೂ ಇಳಿಯಿತು. ಹೊತ್ತು ಮುಳುಗುತ್ತದೆ, ಎತ್ತಿರಿ ಅಂತ ಹಿರಿಯರು ಗಡಿಬಿಡಿ ಮಾಡಿದರು. ಹಾಗೇ ಹೋಗಿ ಚಟ್ಟದ ಮುಂದಿನ ಬಲಗಡೆಗೆ ಹೆಗಲು ಕೊಟ್ಟೆ. ಕಾಕಾ ಹಗುರಾಗಿದ್ದ. ಹಾರ್ಮೋನಿಯಂ ಇದಕ್ಕಿಂತ ಭಾರ ಇತ್ತು ಅನ್ನಿಸಿತು, ಕಣ್ಣಿಂದ ನೀರು ಇಳಿದು ಮಸಿಯಲ್ಲಿ ಗೆರೆ ಬಿದ್ದವು.

ಬಜಾರದಲ್ಲಿ ಅಂಗಡಿಯವರು ಎದ್ದು ನಿಂತರು. ಕಿರಾಣಿ ಅಂಗಡಿಯವನು ಕೈ ಮುಗಿದ, ನನ್ನನ್ನು ನೋಡಿದ, ಮತ್ತೊಮ್ಮೆ ನೋಡಿದ. ತಮಾಷೆ ಮಾಡುವ ಮನುಷ್ಯನಲ್ಲ. ಪಕ್ಕದಲ್ಲಿದ್ದ ಗಿರಾಕಿಗೆ ಮೆಲ್ಲಗೆ ಹೇಳಿದ, ಆದರೆ ಹೆಣ ಹೋಗುವಾಗ ಬಜಾರ ಸ್ತಬ್ಧವಾಗಿರುತ್ತದಲ್ಲ, ಎಲ್ಲರಿಗೂ ಕೇಳಿಸಿತು.

"ಮೊದಲೆಲ್ಲಾ ಜೀವ ಅಷ್ಟ ಒಯ್ತಿದ್ದ. ಮಸ್ಕಿ ಮಂದಿ ಹೊರಾಕ ಬರೂದಿಲ್ಲ ಅಂತ ಗೊತ್ತಾತು ಕಾಣ್ತೈತಿ, ಈಗ ಹೆಣಾನೂ ತಾನ ಹೊರಾಕತ್ಯಾನ."

ಚಟ್ಟ ಅಲುಗಿತು. ಹಿಂದೆ ಹೊತ್ತಿದ್ದ ಇಬ್ಬರ ಹೆಗಲು ಕುಣಿಯುತ್ತಿದ್ದವು.

"ಅಳಬ್ಯಾಡ್ರಲೇ," ಅಂತ ಮುಂದೆ ನಡೆಯುತ್ತಿದ್ದ ಹಿರಿಯ ತಿರುಗಿ ನೋಡದೆ ಹೇಳಿದ. "ಸಾವಕಾಶ ನಡೀರಿ, ಜಾರ್ತೈತಿ."

ಅವರು ಅಳುತ್ತಿರಲಿಲ್ಲ. ಆ ಹೊತ್ತಿಗೆ ನಾನೂ ಅಳುತ್ತಿರಲಿಲ್ಲ.